ಬೀಗರ ಮುನಿಸು, ಲಾಡ್ಜಿನ ಲಿಫ್ಟು

ಮಗಳ ಲಗ್ನ ಗೊತ್ತಾದ ಮನೆಯಲ್ಲಿ ಅಪ್ಪನ ನಿದ್ದೆ ಕೆಡಿಸುವುದು ಊಟದ ಚಿಂತೆಯಲ್ಲ, ಬೀಗರನ್ನು ಎಲ್ಲಿ ಇಳಿಸಬೇಕು ಎನ್ನುವ ಚಿಂತೆ. ಔರಾದದ ಗೋರಖನಾಥನಿಗೂ ಅದೇ ಆಯಿತು. ಅವನು ಸರಕಾರಿ ಬಸ್ಸಿನ ಡ್ರೈವರ್. ಮಗಳು ಮಹಾಮಾಯಾಳಿಗೆ ಸೊಲ್ಲಾಪುರದ ರತ್ನದೀಪನ ಸಂಬಂಧ ಕೂಡಿಬಂದಿತ್ತು. ಔರಾದದ ಮನೆ ಸಣ್ಣದು. ನಳದ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅದಕ್ಕೇ ಅವನು ಬೀದರದಲ್ಲಿ ಲಗ್ನಕ್ಕೆ ಒಂದು ಹಾಲ್ ಹಿಡಿದ. ಬೀಗರು ಹಿಂದಿನ ದಿನವೇ ಬಂದು ಇಳಿಯಲಿ ಎಂದು ಹಾಲಿನ ಪಕ್ಕದಲ್ಲೇ ಒಂದು ಲಾಡ್ಜ್ ನೋಡಿದ. ನೋಡಿದ ಎಂದರೆ, ಮೊಬೈಲಿನಲ್ಲಿ ನೋಡಿದ.

ಬೀಗರು ಬಾಯಿಬಿಟ್ಟು ಕೇಳಿದ್ದು ಒಂದೇ ಮಾತು. ರತ್ನದೀಪ ತಾನೇ ಫೋನ್ ಮಾಡಿ ಹೇಳಿದ್ದ.

"ಮಾವಾ, ನಮಗ ಸಾಮಾನು ಬ್ಯಾಡ, ಗಾಡಿ ಬ್ಯಾಡ. ನಮ್ಮ ಆಯಿಗಿ ಮೊಣಕಾಲಿನ ಆಪರೇಶನ್ ಆಗ್ಯಾದರಿ. ಮೆಟ್ಟಲ ಏರಲಿಕ್ಕ ಆಗಂಗಿಲ್ಲ, ಕುಕ್ಕರಗಾಲಲೆ ಕೂಡಲಿಕ್ಕ ಆಗಂಗಿಲ್ಲ. ಲಿಫ್ಟ್ ಇರಬೇಕು, ಕುರ್ಚಿ ಮ್ಯಾಲ ಕೂತಂಗ ಕೂಡೋ ಕಮೋಡ್ ಇರಬೇಕು. ಇಷ್ಟೇ ನೋಡ್ರಿ."

"ಅಯ್ಯ, ಇದೇನ್ ದೊಡ್ಡ ಮಾತು! ನನ್ನ ಜಬಾನ್ ಅದ ಅಳಿಯಂದಿರ," ಎಂದು ಮಾತು ಕೊಟ್ಟುಬಿಟ್ಟ ಗೋರಖನಾಥ. ಆಯಿ ಎಂದರೆ ರತ್ನದೀಪನ ಅಜ್ಜಿ ಗಯಾಬಾಯಿ. ಆ ಮನೆಯಲ್ಲಿ ಅವಳ ಮಾತೇ ಕಡೆಯ ಮಾತು.

ಗೋರಖನಾಥನ ಹೆಂಡತಿ ಮೀರಾಬಾಯಿ ಅಂಗನವಾಡಿ ಟೀಚರು. ಒಂದು ಸಲ ಹೇಳಿ ಬಿಡುವವಳಲ್ಲ.

"ರೀ, ದಿನಾ ಬೀದರಕ್ಕ ಬಸ್ ಒಯ್ತೀರಿ. ಒಂದ್ ಸಲ ಆ ಲಾಡ್ಜ್ ಒಳಗ ಹೋಗಿ ಕಣ್ಣಾರೆ ನೋಡ್ಕೊಂಡ್ ಬರ್‍ರಿ."

"ಫೋಟೋದಾಗ ಎಲ್ಲಾ ಕಾಣಸ್ತದಲ್ಲ! ಲಿಫ್ಟ್ ಹೊಳಿಲತದ. ಫೋನ್ ಮಾಡಿ ಕೇಳೀನಿ, ಎಲ್ಲಾ ಅದ ಅಂದಾರ."

"ಅಂದಾರ ಅಂದ್ರ ಆಯ್ತೇನ್ರಿ?"

"ಏ, ನಿಂಗ ಎಲ್ಲಾದ್ರಾಗೂ ಅನುಮಾನ."

ಮೀರಾಬಾಯಿ ಸುಮ್ಮನಾಗಲಿಲ್ಲ. ಭಾಲ್ಕಿಯಲ್ಲಿದ್ದ ಗೆಳತಿ ರುಖ್ಸಾರಳಿಗೆ ಫೋನ್ ಹಚ್ಚಿದಳು. ಇಬ್ಬರೂ ಹಾಸ್ಟೆಲ್ಲಿನಲ್ಲಿ ಒಂದೇ ಕೋಣೆಯಲ್ಲಿ ಓದಿದವರು. ರುಖ್ಸಾರಳದು ಈಗ ಹೊಲಿಗೆ ಅಂಗಡಿ. ಹೋದ ವರ್ಷ ತಮ್ಮನ ಔಷಧೋಪಚಾರಕ್ಕೆಂದು ದೊಡ್ಡ ಊರಿಗೆ ಹೋದಾಗ, ಲಾಡ್ಜಿನ ಫೋಟೋದಲ್ಲಿ ಒಂದು, ರೂಮಿನಲ್ಲಿ ಇನ್ನೊಂದು ಕಂಡು ಮೋಸಹೋಗಿದ್ದಳು. ಆದರೆ ದೂರು ಕೊಟ್ಟು, ಬೆನ್ನುಬಿದ್ದು, ರೂಮಿನ ಬಾಡಿಗೆಯನ್ನು ವಾಪಸ್ ತಂದಿದ್ದಳು. ಅವಳು ಹೇಳಿದ್ದು ಇಷ್ಟು: "ಬಾಯಿ ಮಾತು ಗಾಳಿಗಿ ಹೋಗ್ತದ ಮೀರಾ. ವಾಟ್ಸಾಪಿನಾಗ ಕೇಳು. ಜವಾಬು ಬರ್ಸಿಕೋ."

ಮೀರಾಬಾಯಿ ಆಪರೇಶನ್ ಆದ ಆಯಿಯ ವಿಷಯ ಬರೆದು ಕೇಳಿದಳು. ಲಾಡ್ಜಿನ ಮ್ಯಾನೇಜರ್ ಕೈಲಾಶ ಉತ್ತರ ಬರೆದ: ಲಿಫ್ಟ್ ಇದೆ, ಕಮೋಡ್ ಇದೆ, ಬಿಸಿನೀರಿದೆ, ಚಿಂತೆ ಬೇಡ. ಗೋರಖನಾಥ ಅದನ್ನು ಓದಿ, "ನೋಡಿದ್ಯಾ? ನಾ ಹೇಳ್ಲಿಲ್ಲಾ?" ಎಂದು ಮೀಸೆಯ ಮೇಲೆ ಕೈಯಾಡಿಸಿದ. ಬಸ್ಸು ಆ ಲಾಡ್ಜಿನ ಮುಂದೆಯೇ ದಿನವೂ ಹಾಯುತ್ತಿತ್ತು. ಅವನು ಒಂದು ದಿನವೂ ಇಳಿದು ನೋಡಲಿಲ್ಲ.

ಲಗ್ನದ ಹಿಂದಿನ ದಿನ ಮುಂಜಾನೆ ಸೊಲ್ಲಾಪುರದ ಮಂದಿ ಬಂದಿಳಿದರು. ಗೋರಖನಾಥ ಲಾಡ್ಜಿನ ಗೇಟಿನಲ್ಲೇ ಎಲ್ಲರಿಗೂ ಹಾರ ಹಾಕಿ, ಚಹಾ ಕುಡಿಸಿ, ಗಯಾಬಾಯಿಯ ಕಾಲುಮುಟ್ಟಿ ನಮಸ್ಕರಿಸಿದ. ಅಷ್ಟರಲ್ಲಿ ಹಾಲಿನಿಂದ ಅಡುಗೆಯವನ ಫೋನು. ಗ್ಯಾಸ್ ಬಂದಿಲ್ಲವಂತೆ. ಅವನು ಅತ್ತ ಓಡಿದ. ಗೇಟಿನಿಂದಾಚೆ ಏನಾಯಿತೋ ಅವನಿಗೆ ಗೊತ್ತಾಗಲಿಲ್ಲ.

ಮಧ್ಯಾಹ್ನ ಹಾಲಿನಲ್ಲಿ ಅರಿಶಿಣದ ಗದ್ದಲ. ಹಳದಿ ಕಲಸಿಟ್ಟಾಗಿದೆ, ಹೆಂಗಸರು ಹಾಡು ಶುರುಮಾಡಿದ್ದಾರೆ, ಮಹಾಮಾಯಾ ಮಣೆಯ ಮೇಲೆ ಕೂತಿದ್ದಾಳೆ. ಬೀಗರೆಲ್ಲ ಬಂದರು, ಗಯಾಬಾಯಿ ಒಬ್ಬಳು ಬರಲಿಲ್ಲ. ಮೊದಲ ಹಳದಿ ಅವಳ ಕೈಯಿಂದಲೇ ಆಗಬೇಕು. ಕೇಳಿದರೆ ರತ್ನದೀಪ ನೆಲ ನೋಡಿದ. "ಆಯಿ ಬರಂಗಿಲ್ಲಂತರಿ. ಏನಿಲ್ಲ, ಹಂಗೇ."

ಈ ಮನೆತನಗಳಲ್ಲಿ 'ಹಂಗೇ' ಎಂದರೆ ಅರ್ಥ ಬೇರೆ. ಲಗ್ನವೆಂದ ಮೇಲೆ ವರನ ಕಡೆಯ ಹಿರಿಯರೊಬ್ಬರು ಮುನಿಸಿಕೊಳ್ಳಬೇಕು. ಚಹಾ ತಣ್ಣಗಾಯಿತು ಎಂದೋ, ಹಾರ ಸಣ್ಣದಾಯಿತು ಎಂದೋ ಮುಖ ತಿರುಗಿಸಬೇಕು. ಹೆಣ್ಣಿನ ಕಡೆಯವರು ಉಡುಗೊರೆ ಹಿಡಿದು ಹೋಗಿ ರಮಿಸಬೇಕು. ಆಮೇಲೆ ಎಲ್ಲರೂ ನಗಬೇಕು. ಅದೊಂದು ಆಟ, ಎಲ್ಲರಿಗೂ ಗೊತ್ತಿರುವ ಆಟ. ಹೀಗಾಗಿ ಯಾರೂ ಎರಡನೇ ಮಾತು ಕೇಳಲಿಲ್ಲ. ಆಯಿ ಮುನಿಸಿಕೊಂಡಿದ್ದಾಳೆ ಎಂದು ತೀರ್ಮಾನವಾಯಿತು.

ಗೋರಖನಾಥ ತಂಗಿಯ ಕೈಯಲ್ಲಿ ಜರಿಯಂಚಿನ ಸೀರೆ ಕೊಟ್ಟು ಕಳಿಸಿದ. ಸೀರೆ ವಾಪಸ್ ಬಂತು. "ನಂಗ ಏನೂ ಬ್ಯಾಡ. ಎಲ್ಲಾ ಛಂದ ಅದ" ಎಂದಳಂತೆ ಆಯಿ.

"ಏನೂ ಬ್ಯಾಡ ಅಂದ್ರ ದೊಡ್ಡದೇ ಬೇಕಾಗ್ಯಾದ," ಎಂದು ಗೋರಖನಾಥ ಶಾಲು, ಹಣ್ಣಿನ ಬುಟ್ಟಿ, ಖೋವಾದ ಡಬ್ಬಿ ಕಳಿಸಿದ. ಅವೂ ವಾಪಸ್. ಈಗ ಅವನಿಗೆ ನಿಜವಾಗಿ ಭಯವಾಯಿತು. ಇದು ಆಟದ ಮುನಿಸಲ್ಲ. ತನ್ನಿಂದ ಏನೋ ತಪ್ಪಾಗಿದೆ. ನಾಳೆ ಮಗಳು ಆ ಮನೆಯ ಹೊಸ್ತಿಲು ತುಳಿಯಬೇಕಾದವಳು. ಅಜ್ಜಿಯ ಮನಸ್ಸು ಈಗಲೇ ಮುರಿದರೆ ಗತಿಯೇನು? ಹೆಂಡತಿಯನ್ನು ಕರೆದ. ಆಗಷ್ಟೇ ಭಾಲ್ಕಿಯಿಂದ ಬಂದಿದ್ದ ರುಖ್ಸಾರಳೂ ಜೊತೆಗೆ ಹೊರಟಳು.

ಲಾಡ್ಜಿನ ಒಳಗೆ ಕಾಲಿಟ್ಟ ಗೋರಖನಾಥನಿಗೆ ಎದುರಾದದ್ದೇ ಲಿಫ್ಟು. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಕಾಲು ಮುರಿದ ಕುರ್ಚಿ, ಬಕೆಟ್ಟು, ಹಳೆಯ ಗಾದಿ. ಮೂಲೆಯಲ್ಲಿ ಜೇಡರಬಲೆ. ಒಂದು ದಾರಕ್ಕೆ ಯಾರೋ ಟವೆಲ್ ಒಣಹಾಕಿದ್ದರು. ಅವನ ಕಾಲು ಅಲ್ಲೇ ನಿಂತಿತು.

"ಆಯಿ ಮ್ಯಾಲ ಹ್ಯಾಂಗ ಹೋದ್ಳು?" ಎಂದ ಸಣ್ಣ ದನಿಯಲ್ಲಿ.

ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂಡಿಸಿ, ಮೊಮ್ಮಗ ಮತ್ತು ಮಗ ಇಬ್ಬರೂ ಹೊತ್ತು ಮೂರನೇ ಮಾಳಿಗೆಗೆ ಏರಿಸಿದ್ದರು. ಇದನ್ನು ಕೆಲಸದ ಹೆಂಗಸು ಹೇಳಿದಳು. ಬೀಗರು ಒಬ್ಬರೂ ಹೇಳಿರಲಿಲ್ಲ.

ಮೇಲೆ ಗಯಾಬಾಯಿ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಇವರನ್ನು ನೋಡಿ ನಗಲು ನೋಡಿದಳು. ಮೀರಾಬಾಯಿಯ ಕಣ್ಣು ಮೊದಲು ಹೋದದ್ದು ಅವಳ ಒಣಗಿದ ತುಟಿಗಳಿಗೆ, ಆಮೇಲೆ ಮುಚ್ಚಳವನ್ನೂ ತೆರೆಯದ ನೀರಿನ ಬಾಟಲಿಗೆ, ಮುಟ್ಟದೇ ಇದ್ದ ಊಟದ ತಾಟಿಗೆ.

"ಆಯಿ, ಮುಂಜಾನಿಂದ ನೀರೇ ಕುಡಿದಿಲ್ಲಲ್ರಿ! ಯಾಕ?"

"ನೀರಡಿಕಿ ಇಲ್ಲವ್ವ."

"ತುಟಿ ಸೀಳ್ಯಾವ, ನೀರಡಿಕಿ ಇಲ್ಲ ಅಂತೀರಿ. ಖರೇ ಹೇಳ್ರಿ ಆಯಿ."

ಮುದುಕಿ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದಳು. "ನೀರ್ ಕುಡಿದ್ರ ಹೋಗಬೇಕಾಗ್ತದಲ್ಲ. ಅಲ್ಲಿ ಕೆಳಗ ಕೂಡೋದದ. ನನ್ನ ಕಾಲ ಮಡಚಂಗಿಲ್ಲ. ಅದಕ್ಕ ಉಣ್ಣಲಿಲ್ಲ, ಕುಡಿಲಿಲ್ಲ. ನಾಳಿ ತನಕ ಹ್ಯಾಂಗರ ತಡಕೋತೀನಿ ಬಿಡು."

ಗೋರಖನಾಥ ಮಂಚದ ಬಳಿ ಕುಕ್ಕರಿಸಿದ. "ಯಾಕ ಹೇಳಲಿಲ್ಲ ಆಯಿ? ಒಂದ್ ಮಾತ್ ಹೇಳಬಾರದಾ?"

"ಹ್ಯಾಂಗ ಹೇಳ್ಲಪಾ? ನನ್ನ ಲಗ್ನದಾಗ ನಮ್ಮಪ್ಪ ಬೀಗರ ಕಾಲ ಹಿಡಿದಿದ್ದ. ಸಾರಿನಾಗ ಉಪ್ಪ ಕಮ್ಮಿ ಆಯ್ತಂತ. ಮಣಿ ಮ್ಯಾಲ ಕೂತ ನಾ ನೋಡೀನಿ. ನನ್ನ ಮೊಮ್ಮಗನ ಲಗ್ನದಾಗ ಇನ್ನೊಬ್ಬ ಅಪ್ಪ ಕಾಲ ಹಿಡಿಯೋದ್ ಬ್ಯಾಡ ಅಂತ, ಎಲ್ಲರಿಗೂ ಬಾಯಿ ಮುಚ್ಚರಿ ಅಂದೆ."

ಇಷ್ಟು ಹೊತ್ತು ಮುನಿಸು ಎಂದುಕೊಂಡು ಇವರು ಕಳಿಸಿದ್ದು ಸೀರೆ, ಖೋವಾ. ಆ ಜೀವ ಬೀಗನ ಮಾನ ಕಾಯಲು ನೀರು ಬಿಟ್ಟು ಕೂತಿತ್ತು. ಗೋರಖನಾಥ ಕಣ್ಣೊರೆಸಿಕೊಂಡ.

"ನಾ ನಿಮಗ ಹೊತ್ಕೊಂಡ್ ಕೆಳಗ ಒಯ್ತೀನಿ ಆಯಿ. ನಡೀರಿ, ಬ್ಯಾರೆ ಕಡೆ ಹೋಗಮು," ಎಂದ.

"ಹೊತ್ಕೊಂಡ್ ಹೋಗೋದು ಆಮ್ಯಾಲ ಭಯ್ಯಾ," ಎಂದಳು ರುಖ್ಸಾರ. "ಮೊದಲ ಕೆಳಗ ಮ್ಯಾನೇಜರನ್ ಕೇಳ್ರಿ."

"ಬ್ಯಾಡ ಬೆಹೆನ್. ಲಗ್ನದ ಟೈಮಿನಾಗ ತಕರಾರು ಬ್ಯಾಡ. ಲಾಡ್ಜ್ ಅಂದ್ರ ಇಷ್ಟೇ. ಅವರು ಹೇಳೋದು ಒಂದು, ಕೊಡೋದು ಒಂದು. ಯಾರ್ ಕೇಳ್ತಾರ?"

"ಒಂದ್ ಮಾತ್ ಹೇಳ್ರಿ. ನಿಮ್ಮ ಬಸ್ಸಿನಾಗ ಔರಾದ ಟಿಕೆಟ್ ತೊಗೊಂಡವರಿಗಿ ಸಂತಪುರದಾಗ ಇಳಿಸಿ, ಇಷ್ಟೇ ಬಸ್ಸು, ಮುಂದ ನಡ್ಕೋತ ಹೋಗ್ರಿ ಅಂದ್ರ ಮಂದಿ ಸುಮ್ಮ ಇಳಿತಾರೇನು?"

"ಇಳಿತಾರಾ? ಸ್ಟೇರಿಂಗಿನ್ ಸುತ್ತ ನಿಂತು ಜಲ್ಮ ಜಾಲಾಡ್ತಾರ!"

"ಮತ್ತ ನೀವ್ಯಾಕ ಸುಮ್ಮ ಇಳಿಲಕತ್ತೀರಿ?"

ಗೋರಖನಾಥ ಮೊಬೈಲು ಕೈಗೆತ್ತಿಕೊಂಡ. ಬಚ್ಚಲಿನ ಫೋಟೋ ತೆಗೆದ. ಕೆಳಗಿಳಿದು ಲಿಫ್ಟಿನ ಫೋಟೋ ತೆಗೆದ, ಟವೆಲ್ಲಿನ ಸಮೇತ. ನೇರ ಕೌಂಟರಿಗೆ ಹೋದ.

ಕೈಲಾಶ ಮೊಬೈಲಿನಿಂದ ಕಣ್ಣೆತ್ತದೆ ಹೇಳಿದ. "ಲಿಫ್ಟ್ ಮೊನ್ನೆ ಕೆಟ್ಟದರಿ. ಮೆಕ್ಯಾನಿಕ್ ಬರ್ತಾನ."

"ಮೊನ್ನೆ ಕೆಟ್ಟಿದ್ದಕ್ಕ ಜ್ಯಾಡ ಇಷ್ಟ್ ದೊಡ್ಡ ಮನಿ ಕಟ್ಟಂಗಿಲ್ರಿ," ಎಂದ ಗೋರಖನಾಥ. ದನಿ ಎತ್ತರಿಸಲಿಲ್ಲ. "ಇದು ನೀವ್ ಬರೆದ ಮೆಸೇಜ್. ಇದು ನಿಮ್ಮ ಲಿಫ್ಟು. ಇದು ನಿಮ್ಮ ಬಚ್ಚಲ. ಆಪರೇಶನ್ ಆದ ಮುದುಕಿ ಬರ್ತಾಳ ಅಂತ ಮೊದಲೇ ಹೇಳಿದ್ದಿವಿ. ಹೇಳಿದ್ದು ಕೊಡ್ರಿ. ಇಲ್ಲಂದ್ರ ಬಾಡಗಿ ವಾಪಸ್ ಕೊಡ್ರಿ, ನಾವು ಬ್ಯಾರೆ ಕಡೆ ಹೋಗ್ತೇವಿ."

"ಎಲ್ಲಾ ಕಡೆ ಹಿಂಗೇ ಇರ್ತದರಿ ಯಜಮಾನ್ರ. ಫೋಟೋ ಅಂದ್ರ ಫೋಟೋ."

ರುಖ್ಸಾರ ಆಗಲೇ 1915 ಒತ್ತಿದ್ದಳು. "ಇದು ಗ್ರಾಹಕರ ಸಹಾಯವಾಣಿ ಭಯ್ಯಾ. ಪುಕ್ಕಟ. ಕನ್ನಡದಾಗ ಮಾತಾಡಬಹುದು. ಅವರು ಬಂದು ಲಿಫ್ಟ್ ರಿಪೇರಿ ಮಾಡಂಗಿಲ್ಲ, ಸುಳ್ಳ ಯಾಕ ಹೇಳ್ಲಿ. ದೂರು ಬರ್ಕೋತಾರ, ಅದಕ್ಕ ಒಂದು ನಂಬರ್ ಕೊಡ್ತಾರ. ಅಷ್ಟಕ್ಕೂ ಬಗೆಹರಿಲಿಲ್ಲಂದ್ರ ಜಿಲ್ಲಾ ಗ್ರಾಹಕರ ಆಯೋಗ ಅದ."

ಗೋರಖನಾಥ ತಾನೇ ಫೋನ್ ತೆಗೆದುಕೊಂಡು, ಲಾಡ್ಜಿನ ಹೆಸರು, ವಿಳಾಸ, ಆದದ್ದು ಎಲ್ಲ ಹೇಳಿದ. ಮೊದಲ ಮಾತಿಗೆ ನಾಲಿಗೆ ತೊದಲಿತು, ಆಮೇಲೆ ಸರಾಗವಾಯಿತು. ವಿಳಾಸ ಹೇಳುವ ಹೊತ್ತಿಗೆ ಕೈಲಾಶನ ಮೊಬೈಲು ಮೇಜಿನ ಮೇಲೆ ಬೋರಲು ಬಿದ್ದಿತ್ತು. ಎದ್ದು ನಿಂತು ಮಾಲೀಕರಿಗೆ ಫೋನ್ ಮಾಡಿದ. ಆಚೆಯಿಂದ ಏನು ಬಂತೋ, ಇವನ ಮುಖ ಮೆತ್ತಗಾಯಿತು.

"ಯಜಮಾನ್ರ, ಕೆಳಗ ಒಂದು ರೂಮ್ ಅದರಿ. ಮಾಲೀಕರ ಮನಿ ಮಂದಿ ಬಂದ್ರ ಇಳಿಯೋದು. ಕಮೋಡ್ ಅದ, ಗೀಜರ್ ಅದ. ಅದನ್ನ ಕೊಡು ಅಂದಾರ. ಬಾಡಗಿನೂ ಕಮ್ಮಿ ಮಾಡ್ತಾರಂತ."

"ಕಮ್ಮಿ ಮಾಡಿದ್ದು ಬಿಲ್ಲಿನಾಗ ಬರೀರಿ," ಎಂದ ಗೋರಖನಾಥ. "ಮತ್ತ ರೂಮ್ ಮೊದಲ ನೋಡ್ತೇನಿ."

ಮೀರಾಬಾಯಿ ಗಂಡನ ಮುಖ ನೋಡಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

ಅವನು ನೋಡಿದ. ನಳ ತಿರುಗಿಸಿದ, ಕಮೋಡಿನ ನೀರು ಬಿಟ್ಟ, ಬಿಸಿನೀರಿಗೆ ಕೈಯೊಡ್ಡಿದ. ಆಮೇಲೆ ರತ್ನದೀಪನೂ ಅವನೂ ಸೇರಿ ಗಯಾಬಾಯಿಯನ್ನು ಕುರ್ಚಿ ಸಮೇತ ಕೆಳಗಿಳಿಸಿದರು. ಮುದುಕಿ ಬಚ್ಚಲಿಗೆ ಹೋಗಿ ಬಂದಳು. ಬಂದವಳು ಮಂಚದ ಮೇಲೆ ಕೂತು, ಉದ್ದನೆಯ ಉಸಿರು ಬಿಟ್ಟು, "ಈಗ ನೀರ್ ಕೊಡವ್ವ" ಎಂದಳು. ಅವಳು ಬಾಟಲಿ ಎತ್ತಿ ಗಟಗಟ ಕುಡಿಯುವುದನ್ನು ನೋಡುತ್ತ ಗೋರಖನಾಥ ಬಾಗಿಲಿಗೆ ಒರಗಿ ನಿಂತ. ಮಧ್ಯಾಹ್ನದಿಂದ ಎದೆಯ ಮೇಲಿದ್ದ ಭಾರ ಇಳಿದಿತ್ತು. ಹಾಯೆನಿಸಿತು.

ಊಟ, ಚಹಾ ಮುಗಿಸಿ ಗಯಾಬಾಯಿ ಹಾಲಿಗೆ ಬಂದಳು. ಮಹಾಮಾಯಾಳ ಕೆನ್ನೆಗೆ ಮೊದಲ ಹಳದಿ ಹಚ್ಚಿ, ನೆಟಿಕೆ ಮುರಿದಳು. ಆಮೇಲೆ ಗೋರಖನಾಥನನ್ನು ಹತ್ತಿರ ಕರೆದು, ಎಲ್ಲರಿಗೂ ಕೇಳುವಂತೆ ಹೇಳಿದಳು.

"ಬೀಗಾ, ನಾ ಈಗ ಮುನಿಸ್ಕೊಂಡೀನಿ ನೋಡು. ಆ ಜರಿ ಸೀರಿ ಎಲ್ಲಿ?"

ಹಾಲ್ ತುಂಬ ನಗು. ಗೋರಖನಾಥ ಓಡಿದ. ಸೀರೆ, ಶಾಲು, ಹಣ್ಣಿನ ಬುಟ್ಟಿ, ಖೋವಾ, ಎಲ್ಲವನ್ನೂ ತಂದು ಅವಳ ಮಡಿಲಲ್ಲಿಟ್ಟ. ಮರುದಿನ ಬಿಳಿ ಬಟ್ಟೆ ಉಟ್ಟ ಮದುಮಕ್ಕಳು ಬುದ್ಧವಂದನೆ ಹೇಳಿ ಹಾರ ಬದಲಿಸಿದಾಗ, ಮುಂದಿನ ಸಾಲಿನಲ್ಲಿ ಆ ಸೀರೆಯೇ ಹೊಳೆಯುತ್ತಿತ್ತು.

ಆ ಲಾಡ್ಜಿನ ಲಿಫ್ಟ್ ಇನ್ನೂ ರಿಪೇರಿಯಾಗಿಲ್ಲ. ಆದರೆ ಹೊರಗಿನ ಬೋರ್ಡಿನ ಮೇಲೆ 'ಲಿಫ್ಟ್ ಇದೆ' ಎಂಬಲ್ಲಿ ಬಣ್ಣ ಬಳಿದು ಅಳಿಸಿದ್ದಾರೆ. ಗೋರಖನಾಥ ದಿನವೂ ಅದರ ಮುಂದೆ ಬಸ್ಸು ಓಡಿಸುತ್ತಾನೆ, ದಿನವೂ ಆ ಅಳಿಸಿದ ಜಾಗ ನೋಡುತ್ತಾನೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಲಗ್ನ ಬರುತ್ತದೆ, ದವಾಖಾನೆಗೆ ಹೋಗಿ ಪರವೂರಲ್ಲಿ ಉಳಿಯುವ ದಿನ ಬರುತ್ತದೆ. ಫೋಟೋ ನೋಡಿ ಮರುಳಾಗಬೇಡಿ. ನಿಮಗೆ ಬೇಕಾದದ್ದನ್ನು ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಹೋದ ಕೂಡಲೇ ರೂಮು ನೋಡಿ, ನಳ ತಿರುಗಿಸಿ, ಆಮೇಲೆ ಸಾಮಾನು ಇಳಿಸಿ. ಹೇಳಿದ್ದು ಇಲ್ಲವೆಂದರೆ ಫೋಟೋ ತೆಗೆಯಿರಿ, ಬಿಲ್ಲು ಜೋಪಾನ ಮಾಡಿ, ಅಲ್ಲೇ ಸಮಾಧಾನದಿಂದ ಕೇಳಿ. ಅವರು ಕಿವಿಗೊಡದಿದ್ದರೆ 1915ಕ್ಕೆ ಫೋನ್ ಮಾಡಿ. ಮತ್ತೆ, ನಿಮ್ಮ ಮನೆಗೆ ಬಂದ ಹಿರಿಯರು "ನಂಗ ಏನೂ ಬ್ಯಾಡ" ಎಂದರೆ ಸೀರೆ ತರಲು ಓಡಬೇಡಿ. ಪಕ್ಕದಲ್ಲಿ ಕೂತು, ನೀರು ಕುಡಿದಿರಾ ಎಂದು ಮೊದಲು ಕೇಳಿ.