ಅಳಿಸಿ ಹಾಕಿದ ಮೆಸೇಜು

ಲಂಡನ್ನಿನ ಕ್ವೀನ್ಸ್‌ಬರಿಯ ಉಷಾ ಅವರಿಗೆ ಕೆಲವು ವಾರಗಳಿಂದ ವಿಪರೀತ ಸುಸ್ತು. ಕಾಲು ಊದಿಕೊಳ್ಳುತ್ತಿತ್ತು. ಜಿಪಿ, ಅಂದರೆ ಅವರ ಕುಟುಂಬ ವೈದ್ಯರು, ರಕ್ತ ಪರೀಕ್ಷೆ ಮಾಡಿಸಿದರು. ಮರುದಿನವೇ ಉಷಾ ಅವರ ಫೋನಿಗೆ ಲಿಂಕ್ ಇರುವ ಮೆಸೇಜು ಬಂತು: ಕೂಡಲೇ ಸರ್ಜರಿಯನ್ನು ಸಂಪರ್ಕಿಸಿ. ಇಲ್ಲಿ ಜಿಪಿಯ ಕ್ಲಿನಿಕ್ಕಿಗೆ ಸರ್ಜರಿ ಎನ್ನುತ್ತಾರೆ.

ಗಂಡ ಅಶ್ವತ್ಥನಾರಾಯಣ ಫೋನು ಕಸಿದುಕೊಂಡರು. ಅವರ ಸ್ನೇಹಿತರೊಬ್ಬರು ಇಂಥದೇ ಲಿಂಕ್ ಒತ್ತಿ ಮೋಸಹೋಗಿದ್ದರು.

"ಇದೆಲ್ಲ ಮೋಸ ಕಣೇ. ನಿಜವಾಗ್ಲೂ ಏನಾದ್ರೂ ಇದ್ರೆ ಡಾಕ್ಟ್ರೇ ಫೋನ್ ಮಾಡ್ತಾರೆ," ಎಂದು ಅಳಿಸಿಬಿಟ್ಟರು.

ಡಾಕ್ಟರು ಫೋನನ್ನೂ ಮಾಡಿದರು. ಫೋನು ತಮ್ಮ ಬಳಿಯೇ ಇಟ್ಟುಕೊಂಡಿದ್ದ ಅಶ್ವತ್ಥನಾರಾಯಣ, ನಂಬರ್ ಕಾಣಿಸದ ಕರೆ ಎಂದು ಅದನ್ನೂ ಎತ್ತಲಿಲ್ಲ.

ಆ ವಾರಾಂತ್ಯ ಈಲಿಂಗ್ ರೋಡಿನ ತರಕಾರಿ ಅಂಗಡಿಯಲ್ಲಿ ಉಷಾ ಕುಸಿದು ಬಿದ್ದರು. ಆಂಬುಲೆನ್ಸ್ ಬಂತು. ಜೀವ ಉಳಿಯಿತು. ಆದರೆ ಚಿಕಿತ್ಸೆ ತಡವಾಗಿ ಕಿಡ್ನಿಗಾದ ಹಾನಿ ಪೂರ್ತಿ ಸರಿಹೋಗುವುದಿಲ್ಲ ಎಂದರು ವೈದ್ಯರು.

ಉಷಾ ಮನೆಗೆ ಮರಳಿದ ದಿನ ಕೆಳಗಿನ ಫ್ಲ್ಯಾಟಿನ ಜೂಡಿತ್ ಗಂಜಿ ತಂದರು. ಉಡುಪಿ ಕಡೆಯವರು, ನರ್ಸ್.

"ಮೋಸ ಅಂದ್ಕೊಂಡೆನಮ್ಮಾ," ಎಂದರು ಅಶ್ವತ್ಥನಾರಾಯಣ, ತಲೆ ತಗ್ಗಿಸಿ.

"ನಿಮ್ಮ ಹೆದರಿಕೆ ಸುಳ್ಳಲ್ಲ ಮಾರ್ರೆ, ಮೋಸ ಮಾಡುವವರು ಇದ್ದಾರೆ. ಲಿಂಕ್ ಒತ್ತುವುದೇ ಬೇಡ. ಸರ್ಕಾರಿ ಆರೋಗ್ಯ ಸೇವೆಯ ಎನ್‌ಎಚ್‌ಎಸ್ ಆಪ್ ನೀವೇ ತೆರೆದು ನೋಡಿ. ಇಲ್ಲಾಂದ್ರೆ ಸರ್ಜರಿಗೆ ನೀವೇ ಫೋನ್ ಮಾಡಿ ಕೇಳಿ."

"ನಮಗೆ ಆ ಆಪು ಗೀಪು ಎಲ್ಲಿ ಬರತ್ತೆ?"

"ನಿಮ್ಮ ಮಗಳಿಗೂ ರಿಪೋರ್ಟ್ ನೋಡ್ಲಿಕ್ಕೆ ಅನುಮತಿ ಕೊಡಬಹುದು, ಸರ್ಜರಿಯಲ್ಲಿ ಹೇಳಿದ್ರಾಯ್ತು. ಇಂಗ್ಲಿಷ್ ಕಷ್ಟ ಅಂದ್ರೆ ದುಭಾಷಿಯನ್ನೂ ಕೇಳಬಹುದು. ಅದಕ್ಕೆ ದುಡ್ಡಿಲ್ಲ."

ಮಲಗಿದ್ದ ಉಷಾ ಗಂಡನತ್ತ ಕೈ ಚಾಚಿದರು.

"ರೀ, ಫೋನ್ ಕೊಡಿ. ಮೈ ನಂದು. ಇನ್ಮೇಲೆ ಸುದ್ದೀನೂ ನಾನೇ ಓದ್ಕೋತೀನಿ."

ಅಶ್ವತ್ಥನಾರಾಯಣ ಕೊಟ್ಟರು. ಹೆಂಡತಿಯ ಮುಖ ನೋಡಲು ಅವರಿಗೆ ಧೈರ್ಯ ಬರಲಿಲ್ಲ. ಜೂಡಿತ್ ಪಕ್ಕದಲ್ಲಿ ಕೂತು ಆಪ್ ಹಾಕಿ ತೋರಿಸಿಕೊಟ್ಟರು. ಉಷಾ ನಿಧಾನವಾಗಿ ಆಪ್ ತೆರೆದು ತಮ್ಮ ರಿಪೋರ್ಟನ್ನು ಮೊದಲ ಸಲ ತಾವೇ ಓದಿದರು. ಮುಂದಿನ ತಪಾಸಣೆಯ ದಿನವೂ ಅಲ್ಲಿತ್ತು.

ಸ್ವಲ್ಪ ಹೊತ್ತಿನ ಮೇಲೆ ಅಶ್ವತ್ಥನಾರಾಯಣ ತಮ್ಮ ಫೋನನ್ನೂ ಮುಂದಿಟ್ಟರು. "ನಂಗೂ ಹಾಕ್ಕೊಡಮ್ಮಾ."

ಕಳೆದುಕೊಂಡದ್ದು ಬರಲಿಲ್ಲ. ಕಿಡ್ನಿಯಲ್ಲಿ ಉಳಿದ ಶಕ್ತಿಯನ್ನು ಕಾಪಾಡಿಕೊಳ್ಳಲು ಉಷಾ ಈಗ ಒಂದು ತಪಾಸಣೆಯನ್ನೂ ತಪ್ಪಿಸುವುದಿಲ್ಲ.

ಲಂಡನ್ನಿನ ಕನ್ನಡ ಬಂಧುಗಳೇ, ಆರೋಗ್ಯದ ಮೆಸೇಜಿನ ಮೇಲೆ ಅನುಮಾನ ಬಂದರೆ ಲಿಂಕ್ ಒತ್ತಬೇಡಿ, ಆದರೆ ಅಳಿಸಿ ಮರೆತುಬಿಡಲೂ ಬೇಡಿ. ಆಪ್ ತೆರೆಯಿರಿ, ಇಲ್ಲವೇ ಸರ್ಜರಿಗೆ ಫೋನ್ ಮಾಡಿ. ನಿಮ್ಮ ಮನೆಯ ಹೆಂಗಸರ, ಹಿರಿಯರ ಫೋನು ಅವರ ಕೈಯಲ್ಲೇ ಇರಲಿ. ಬಳಸುವುದನ್ನು ಇವತ್ತೇ ಪಕ್ಕದಲ್ಲಿ ಕೂತು ಕಲಿಸಿ.