ವ್ಯಾಕರಣಮ್ಮ ತೆಗೆದುಕೊಂಡ ಕರೆ

ಕಾಲೇಜಿನಲ್ಲಿ ಅವರಿಗೆ ವ್ಯಾಕರಣಮ್ಮ ಎಂದೇ ಹೆಸರು. ವ್ಯಾಪಾರಕ್ಕೆ ಬೇಕಾದ ವಿದೇಶಿ ಭಾಷೆ ಕಲಿಸುವುದರಲ್ಲಿ ಅವರದು ಎತ್ತಿದ ಕೈ. ಅವರ ಪಠ್ಯಪುಸ್ತಕ ಓದದೆ ಆ ಭಾಷೆಯಲ್ಲಿ ಯಾರೂ ಪಾಸಾಗುತ್ತಿರಲಿಲ್ಲ. ಸೊಸೆಯೂ ಅದನ್ನೇ ಓದಿ, ಪಂಪು ತಯಾರಿಸುವ ಕಂಪನಿಯಲ್ಲಿ ಹೊರದೇಶದ ಗಿರಾಕಿಗಳ ಜೊತೆ ಫೋನಿನಲ್ಲಿ ಮಾತಾಡುವ ಕೆಲಸ ಹಿಡಿದವಳು. ಮದುವೆಯಾಗಿ ಮನೆಗೆ ಬಂದ ಮೇಲೂ, ಅತ್ತೆ ಎದುರಾದರೆ ಎಲ್ಲಿ ಕ್ರಿಯಾಪದ ಕೇಳಿಬಿಡುತ್ತಾರೋ ಎಂದು ಅವಳಿಗೆ ಅಳುಕು.

ಅತ್ತೆಗೆ ಸಂಶೋಧನಾ ಅನುದಾನ ಸಿಕ್ಕಿತು. ಕಾಲೇಜಿನಲ್ಲಿ ಕಲಿಸಿದ ಭಾಷೆ ಕೆಲಸದ ಜಾಗದಲ್ಲಿ ಎಷ್ಟು ಉಪಯೋಗಕ್ಕೆ ಬರುತ್ತಿದೆ ಎಂದು ನೋಡಬೇಕಿತ್ತು. ಮೊದಲು ಒಪ್ಪಿಗೆ ಕೊಟ್ಟದ್ದು ಸೊಸೆಯ ಕಂಪನಿಯೇ.

"ಮನೇಲಿ ತಪ್ಪು ಹುಡುಕಿದ್ದು ಸಾಲ್ದು ಅಂತ ಅಮ್ಮ ಈಗ ನಿನ್ನ ಆಫೀಸಿಗೂ ಬರ್ತಿದಾಳೆ," ಎಂದು ಗಂಡ ನಕ್ಕ. ಅವಳಿಗೆ ನಗು ಬರಲಿಲ್ಲ.

ಅತ್ತೆ ಅವಳ ಮೇಜಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತರು. ಗಿರಾಕಿಗಳ ಒಪ್ಪಿಗೆ ಪಡೆದು ಕರೆಗಳನ್ನು ರೆಕಾರ್ಡ್ ಮಾಡುತ್ತಿದ್ದರು. ಒಂದು ಬೆಳಿಗ್ಗೆ, ವಾಲ್ವುಗಳು ಇನ್ನೂ ಬಂದಿಲ್ಲವೆಂದು ಗಿರಾಕಿಯೊಬ್ಬ ಫೋನ್ ಮಾಡಿದ. ಸೊಸೆ ಕಲಿತ ಹಾಗೆಯೇ ವಿಷಾದದಿಂದ ಶುರುಮಾಡಿ, ಸಹಕಾರ ಕೋರುವವರೆಗೆ ಉದ್ದನೆಯ ವಾಕ್ಯ ಹೆಣೆದಳು.

"ಸರಿ, ಯಾವಾಗ ಕಳಿಸ್ತೀರಿ?" ಎಂದ ಆತ. ಅವಳು ಇನ್ನೊಮ್ಮೆ ಕ್ಷಮೆ ಕೇಳಿ, ಆದಷ್ಟು ಬೇಗ ಎಂದಳು. ಅವನು ರೇಗಿ ಫೋನ್ ಇಟ್ಟುಬಿಟ್ಟ.

"ಎಲ್ಲಿ ತಪ್ಪಿದೆ ಅತ್ತೆ?" ಅವಳ ಮುಖ ಬಾಡಿತ್ತು.

ಅತ್ತೆ ಹೆಡ್‌ಫೋನ್ ತೆಗೆದಿಟ್ಟರು. "ನೀನೆಲ್ಲಿ ತಪ್ಪಿದೆಯಮ್ಮ? ನನ್ನ ಪುಸ್ತಕದಲ್ಲಿರೋದನ್ನ ಚಾಚೂ ತಪ್ಪದೆ ಹೇಳಿದೆ. ಅವನಿಗೆ ಬೇಕಿದ್ದದ್ದು ಒಂದು ತಾರೀಕು. ಕ್ಷಮೆ ಕೇಳೋಕೆ ಒಂದು ಪಾಠಾನೇ ಬರೆದಿದೀನಿ, ತಾರೀಕು ಹೇಳೋಕೆ ಒಂದು ಸಾಲಿಲ್ಲ."

ಅತ್ತೆ ಬೇರೆ ಕಂಪನಿಗಳಿಗೂ ಹೋಗಿ ಕರೆಗಳನ್ನು ಕೇಳಿಸಿಕೊಂಡರು. ಎಲ್ಲ ಕಡೆ ಅದೇ ರಾಗ. ವರದಿ ಒಪ್ಪಿಸುವ ದಿನ ಹತ್ತಿರವಾದಾಗ ಸೊಸೆ ಧೈರ್ಯ ಮಾಡಿದಳು. "ಪುಸ್ತಕ ಯಾವುದು ಅಂತ ಹೇಳ್ಲೇಬೇಕಾ ಅತ್ತೆ? ಈಗಿರೋ ಪಠ್ಯಗಳು ಅಂತ ಬರೆದ್ರಾಯ್ತಲ್ವಾ? ಮುಂದಿನ ವರ್ಷದ ಅನುದಾನಕ್ಕೆ ಕಲ್ಲು ಬಿದ್ರೆ?"

"ಅನುದಾನ ಕೊಟ್ಟಿರೋದು ನಿಜ ತಿಳ್ಕೊಂಡು ಬಾ ಅಂತ. ನನ್ನ ಮಾನ ಕಾಪಾಡ್ಕೊ ಅಂತಲ್ಲ." ಹಾಗೆಂದು ಅತ್ತೆ ಕೇಳಿದರು, "ವರದಿ ಒಪ್ಪಿಸೋ ಸಭೇಲಿ ಒಂದು ಕರೆ ಕೇಳಿಸ್ಬೇಕು. ನಿನ್ನ ವಾಲ್ವಿನ ಕರೆ ಕೇಳಿಸ್ಲಾ?"

ಅವಳು ಹೂಂ ಎಂದಳಾದರೂ ಮುಖ ಸಣ್ಣದಾಯಿತು. ಅತ್ತೆ ಅದನ್ನು ಗಮನಿಸಿದರು.

ಅನುದಾನ ಸಮಿತಿಯವರೂ ಅಧ್ಯಾಪಕರೂ ಸೇರಿದ್ದ ಸಭೆ. ಎಲ್ಲರೂ ಆ ಭಾಷೆ ಬಲ್ಲವರು. ಸೊಸೆ ಹಿಂದಿನ ಸಾಲಿನಲ್ಲಿ ಮುದುಡಿ ಕೂತಳು. ಸ್ಪೀಕರಿನಿಂದ ಬಂದದ್ದು ಅವಳ ದನಿಯಲ್ಲ, ಅತ್ತೆಯದು! ಆ ಮಾತಾದ ಮೇಲೆ, ಅವಳು ರಜೆ ಹಾಕಿದ್ದ ಒಂದು ದಿನ ಮ್ಯಾನೇಜರನ್ನು ಕೇಳಿಕೊಂಡು, ಅವಳ ಕುರ್ಚಿಯಲ್ಲಿ ಕೂತು ತಾವೇ ಕರೆ ತೆಗೆದುಕೊಂಡಿದ್ದರು. ವ್ಯಾಕರಣಮ್ಮನ ಅಚ್ಚುಕಟ್ಟಾದ ವಾಕ್ಯಗಳು ಒಂದರ ಹಿಂದೊಂದು ಮೆರವಣಿಗೆ ಹೊರಟವು. ಕೊನೆಗೆ ಗಿರಾಕಿ, "ತಾಯಿ, ಪಂಪು ಬರುತ್ತೋ ಇಲ್ವೋ, ಅಷ್ಟು ಹೇಳಿ ಸಾಕು," ಎಂದು ಅಂಗಲಾಚಿದ. ಸಭೆ ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಅತ್ತೆ. ಹಿಂದೆ ಕೂತ ಸೊಸೆಯ ಕಣ್ಣು ಮಾತ್ರ ತುಂಬಿ ಬಂತು.

"ಮೇಡಂ, ನಿಮ್ಮ ಪುಸ್ತಕಕ್ಕೆ ನೀವೇ ಹೀಗೆ ಮಂಗಳಾರತಿ ಮಾಡ್ತಿದೀರಲ್ಲ!" ಎಂದರು ಸಮಿತಿಯ ಅಧ್ಯಕ್ಷರು.

"ಬೇರೆಯವರ ಪುಸ್ತಕ ಆಗಿದ್ರೆ ಬಿಡ್ತಿದ್ನಾ?"

ಪುಸ್ತಕ ಪಠ್ಯಕ್ರಮದಿಂದ ಹೊರಬಿತ್ತು. ಪ್ರಕಾಶಕರು ಮಾತು ಬಿಟ್ಟರು. ಸಮಿತಿಯಲ್ಲಿ ಒಬ್ಬಿಬ್ಬರು ಕೊಂಕು ತೆಗೆದರೂ ಅನುದಾನ ನಿಲ್ಲಲಿಲ್ಲ. ಹೊಸ ಪಾಠಗಳನ್ನು ಕಂಪನಿಗಳಲ್ಲಿ ಪರೀಕ್ಷಿಸಿದ ಮೇಲೆಯೇ ಅಚ್ಚು ಹಾಕಬೇಕೆಂದು ಅಧ್ಯಕ್ಷರು ಕಟ್ಟುಮಾಡಿದರು.

ಈಗ ಮನೆಯ ಊಟದ ಮೇಜಿನ ಮೇಲೆ ತಟ್ಟೆಗಿಂತ ಹೊಸ ಪಾಠಗಳ ಹಾಳೆಗಳೇ ಹೆಚ್ಚು. ಮೊನ್ನೆ ಸೊಸೆ ಒಂದು ಸಾಲಿನ ಮೇಲೆ ಬೆರಳಿಟ್ಟು, "ಇದನ್ನ ಫೋನಲ್ಲಿ ಯಾರೂ ಹೀಗನ್ನಲ್ಲ ಅತ್ತೆ," ಎಂದಳು.

ಅತ್ತೆ ಪೆನ್ನನ್ನು ಅವಳತ್ತ ತಳ್ಳಿದರು. "ಮತ್ಯಾಕೆ ಇಟ್ಕೊಂಡು ಕೂತಿದೀಯ? ಹೊಡೆದು ಹಾಕು."