ಕಾಲು ನೋಡಿ ನಡೆಯುವ ಧರ್ಮಪ್ಪ

ಧರ್ಮಪ್ಪನವರು ನಡೆಯುವಾಗ ಎದುರಿಗೆ ಬಂದವರ ಮುಖ ನೋಡುವುದಿಲ್ಲ, ತಮ್ಮ ಪಾದವನ್ನೇ ನೋಡುತ್ತಾರೆ. ಎತ್ತಿದ ಹೆಜ್ಜೆ ನೆಲ ಮುಟ್ಟಿತೆಂಬುದನ್ನು ಕಣ್ಣಾರೆ ಕಂಡ ಮೇಲೆಯೇ ಇನ್ನೊಂದನ್ನು ಎತ್ತುತ್ತಾರೆ. ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿ ಇದಕ್ಕೆ ವಿನಯವೆಂದು ಹೆಸರು, ಶಿವಮೊಗ್ಗದ ಕಾಲೇಜಿನಲ್ಲಿ ಜಂಬವೆಂದು. ಚಪ್ಪಲಿ ಜಾರದಂತೆ ಅವರು ಹಿಮ್ಮಡಿಗೆ ಹಾಕಿಕೊಂಡ ಎಲಾಸ್ಟಿಕ್ ಪಟ್ಟಿಯನ್ನು ಮಾತ್ರ ಎರಡೂ ಊರಿನವರು ಗಮನಿಸಿರಲಿಲ್ಲ.

ಕಾಗದ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಬಿದಿರಿನ ನಾರಿಗೆ ಬಣ್ಣ ಕಟ್ಟಿ ಪರೀಕ್ಷಿಸುತ್ತಿದ್ದ ಮನುಷ್ಯ, ಕಾರ್ಖಾನೆ ನಿಂತ ಮೇಲೆ ಖಾಸಗಿ ವೈದ್ಯಕೀಯ ಕಾಲೇಜೊಂದರ ಅಂಗರಚನಾ ವಿಭಾಗ ಸೇರಿ ನರಗಳಿಗೆ ಬಣ್ಣ ಕಟ್ಟತೊಡಗಿದರು. ಹಳೆಯ ಖಾಕಿ ಕೋಟು ಮಾತ್ರ ಬಿಡಲಿಲ್ಲ. ಮೇಣದಲ್ಲಿ ಹುದುಗಿಸಿದ ಬೆನ್ನುಹುರಿಯ ತುಂಡನ್ನು ಈರುಳ್ಳಿಯ ಪೊರೆಗಿಂತ ತೆಳ್ಳಗೆ ಕೊಯ್ದು, ಬೆಚ್ಚಗಿನ ನೀರಿನ ತೊಟ್ಟಿಯಲ್ಲಿ ತೇಲಿಸಿ, ಸುಕ್ಕು ಬಿಡಿಸಿ ಗಾಜಿನ ಮೇಲೆ ಎತ್ತುವುದು ಅವರ ಕಸಬು. ನೀರು ತುಸು ಹೆಚ್ಚು ಬಿಸಿಯಾದರೆ ಮೇಣ ಕರಗಿ ಎಲ್ಲ ಹಾಳು. ಆ ಹದವನ್ನು ಅವರು ಕಿರುಬೆರಳು ಅದ್ದಿಯೇ ನೋಡುತ್ತಿದ್ದರು. ಉಪನ್ಯಾಸಕಿ ಸಮತಾ ಥರ್ಮಾಮೀಟರ್ ತಂದಿಟ್ಟರೆ, "ಅದು ಕೆಟ್ಟೋದ್ರೆ ಯಾರಿಗೆ ಗೊತ್ತಾಗುತ್ತೆ ಮೇಡಂ?" ಎಂದು ಡ್ರಾಯರಿಗೆ ಸೇರಿಸುತ್ತಿದ್ದರು.

ಅವರ ಇನ್ನೊಂದು ಹಟ, ಗ್ಲಿಯಾ ಕೋಶಗಳ ಪರವಾದ ವಕಾಲತ್ತು. ಸುದ್ದಿ ಒಯ್ಯುವ ನರಕೋಶವನ್ನೂ ಅದರ ಕವಲುಗಳನ್ನೂ ಉದ್ದನೆಯ ತಂತುವನ್ನೂ ಬಣ್ಣಿಸಿ ಸಮತಾ ಪಾಠ ಮುಗಿಸುವಷ್ಟರಲ್ಲಿ ಬಾಗಿಲಿನಿಂದ ಧರ್ಮಪ್ಪನವರ ಕೆಮ್ಮು ಕೇಳಿಸುತ್ತಿತ್ತು. "ಅಕ್ಕಪಕ್ಕ ಇರೋ ಗ್ಲಿಯಾದವ್ರನ್ನ ಬಿಟ್ರಲ್ಲ ಮೇಡಂ. ಊಟ ಒದಗಿಸೋರು, ತಂತಿಗೆ ಹೊದಿಕೆ ಸುತ್ತೋರು, ಕಸ ಗುಡಿಸೋರು, ಎಲ್ಲ ಅವ್ರೇ." ಕೋಶಗಳಿಗೂ ಬಹುವಚನದ ಮರ್ಯಾದೆ ಕೊಡುವವರನ್ನು ಸಮತಾ ಬೇರೆಲ್ಲೂ ಕಂಡಿರಲಿಲ್ಲ.

ಕಳೆದ ವರ್ಷ ಪ್ರಾಯೋಗಿಕ ಪರೀಕ್ಷೆಗೆ ಎರಡು ದಿನವಿರುವಾಗ, ಉಳಿದಿದ್ದ ಒಂದೇ ಒಂದು ಬೆನ್ನುಹುರಿಯ ತುಂಡಿನಿಂದ ಕೊಯ್ದ ಪೊರೆಗಳು ನೀರಿಗೆ ಬಿಟ್ಟೊಡನೆ ಎಣ್ಣೆಯಂತೆ ಹರಡಿ ಹೋದವು. "ಮೇಣ ಸರಿಯಿಲ್ಲ" ಎಂದರು ಧರ್ಮಪ್ಪನವರು. ಎರಡನೆಯ ಸಲವೂ ಹಾಗೇ ಆಯಿತು. ನೀರಿನ ಬಿಸಿ ಬೆರಳಿಗೆ ಸಾಲದೆನಿಸಿ ತಾವೇ ತೊಟ್ಟಿಯ ಹೀಟರಿನ ಗುಂಡಿ ತಿರುಗಿಸುತ್ತ ಹೋಗಿದ್ದರು. ಸಮತಾ ನೀರು ಮುಟ್ಟಿ ಥಟ್ಟನೆ ಕೈ ಎಳೆದುಕೊಂಡರು. ಧರ್ಮಪ್ಪನವರ ಕಿರುಬೆರಳು ಇನ್ನೂ ನೀರಿನಲ್ಲೇ ಇತ್ತು.

"ಸುಡ್ತಿಲ್ವಾ ನಿಮಗೆ?"

ಅವರು ಬೆರಳೆತ್ತಿ ನೋಡಿದರು. ಬೊಬ್ಬೆ ಎದ್ದಿತ್ತು. "ಕಾಲಿಗೆ ಸ್ಪರ್ಶ ಹೋಗಿ ಎರಡು ವರ್ಷ ಆಯ್ತು. ಕೈಗಿದೆ ಅಂದ್ಕೊಂಡಿದ್ದೆ" ಎಂದರು. ಮತ್ತೆ, "ಬೆರಳೂ ಹೋದ್ರೆ ನನಗೆ ಇಲ್ಲೇನು ಕೆಲಸ ಮೇಡಂ?"

ಸಮತಾಗೆ ನಾಚಿಕೆಯಾಯಿತು. ಧರ್ಮಪ್ಪನವರಿಗಿದ್ದಂಥ ಹಳೆಯ ಸಕ್ಕರೆ ಕಾಯಿಲೆಯಲ್ಲಿ ಮಿದುಳು, ಬೆನ್ನುಹುರಿಗಳ ಕೇಂದ್ರ ನೆಟ್ಟಗಿದ್ದರೂ ಹೊರಗಿನ ನರಗಳು ಸುದ್ದಿ ತರುವುದನ್ನು ನಿಲ್ಲಿಸುತ್ತವೆ. ಉದ್ದನೆಯ ತಂತುಗಳು ಮೊದಲು ಸೋಲುವುದರಿಂದ ಪಾದ ಮೊದಲು, ಬೆರಳು ಆಮೇಲೆ. ಇದು ತಾವೇ ಪ್ರತಿ ವರ್ಷ ಹೇಳುವ ಪಾಠ. ಹೇಳಿ ಮುಗಿಸಿ, ಈ ಮನುಷ್ಯನ ಜೊತೆಗೇ ಕಾರಿಡಾರಿನಲ್ಲಿ ನಡೆದು ಹೋಗಿದ್ದರು.

ಬೆರಳಿಗೆ ಪಟ್ಟಿ ಕಟ್ಟಿದ ಮೇಲೆ ಡ್ರಾಯರಿನಿಂದ ಥರ್ಮಾಮೀಟರ್ ತೆಗೆದು ತೊಟ್ಟಿಗಿಟ್ಟು, "ಬಿಸಿ ಎಷ್ಟಿದೆ ಅಂತ ನಾನು ಓದ್ತೀನಿ. ಕೊಯ್ಯೋಕೆ ನಿಮ್ಮ ಕಣ್ಣೇ ಬೇಕು" ಎಂದರು. ಉಳಿದ ಚೂರಿನಲ್ಲಿ ಪರೀಕ್ಷೆಗೆ ಸಾಕಾಗುವಷ್ಟು ಗಾಜುಗಳಾದವು. ಧರ್ಮಪ್ಪನವರು ಈಗಲೂ ಬೆಳಿಗ್ಗೆ ತೊಟ್ಟಿಯ ಕಡೆ ಕಿರುಬೆರಳು ಚಾಚುತ್ತಾರೆ, ನೀರು ಮುಟ್ಟುವ ಮೊದಲೇ ಹಿಂದೆಗೆದುಕೊಂಡು ಸಮತಾರ ದಾರಿ ಕಾಯುತ್ತಾರೆ.

ಇಂಥವರನ್ನು ನಾವು ಸಹನಾಶೀಲರೆಂದು ಹೊಗಳಿ ಸುಮ್ಮನಾಗುತ್ತೇವೆ. ದೂರು ಬಾರದ ಕಡೆ ನೋವೂ ಇರಲಾರದೆಂದು ನಿಶ್ಚಿಂತರಾಗುತ್ತೇವೆ. ಮೈಮರೆತು ದುಡಿಯುವವರ ಕೈ ಸುಡುವುದು ಅವರಿಗೆ ತಿಳಿಯದೆ ಹೋಗಬಹುದು. ಪಕ್ಕದಲ್ಲಿ ನಿಂತವರಿಗೆ ತಿಳಿಯಬೇಕು.